ಹಿಂದಿನ ಸೀಟು, ರಸ್ತೆ ಉಬ್ಬು, ಅಜ್ಜಿಯ ಬೆನ್ನೆಲುಬು

ಬಸ್ಸಿನ ಕಟ್ಟಕಡೆಯ ಸೀಟಿಗೆ ಒಂದು ಗುಣ ಉಂಟು. ರಸ್ತೆ ಉಬ್ಬು ಬಂದಾಗ ಮುಂದೆ ಕೂತವರಿಗೆ ಬರೀ ಒಂದು ಅಲುಗಾಟ. ಹಿಂದೆ ಕೂತವರು ಮಾತ್ರ ಗೇಣೆತ್ತರ ಹಾರಿ ಧೊಪ್ಪನೆ ಬೀಳುತ್ತಾರೆ. ಕಾಲೇಜು ಹುಡುಗರು ಹೋ ಎಂದು ನಗುತ್ತಾರೆ. ಒಬ್ಬರು ಡ್ರೈವರನ್ನು ಬೈಯುತ್ತಾರೆ, ಇನ್ನೊಬ್ಬರು ಕಂಟ್ರಾಕ್ಟರನ್ನು ಬೈಯುತ್ತಾರೆ. ಮೂಲೆಯಲ್ಲಿ ಕೂತ ವಯಸ್ಸಾದ ಹೆಂಗಸೊಬ್ಬರು "ಅಯ್ಯೋ ಅವ್ವಾ" ಅಂತ ಸೊಂಟ ಹಿಡಿದುಕೊಂಡರೆ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಮನೆಗೆ ಹೋಗಿ ಮುಲಾಮು ಹಚ್ಚಿಕೊಂಡರೆ ಸರಿಹೋಗುತ್ತದೆ ಅಂತಲೇ ಎಲ್ಲರ ಲೆಕ್ಕ.

ಆದರೆ ಎಲ್ಲ ಸಲವೂ ಅದು ಮುಲಾಮಿಗೆ ಬಗ್ಗುವ ನೋವಲ್ಲ. ಹೀಗೆ ಹಾರಿ ಬಿದ್ದ ಪ್ರಯಾಣಿಕರ ಬೆನ್ನೆಲುಬು ನಿಜಕ್ಕೂ ಮುರಿದದ್ದನ್ನು ಟರ್ಕಿ, ಚಿಲಿ ದೇಶಗಳ ವೈದ್ಯರು ತಮ್ಮ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಅಪಘಾತವಿಲ್ಲ, ಡಿಕ್ಕಿಯಿಲ್ಲ. ಬರೀ ಒಂದು ಉಬ್ಬು, ಒಂದು ಕುಕ್ಕು.

ಕಾರಣ ಸರಳ. ಬಸ್ಸಿನ ಹಿಂದಿನ ಚಕ್ರಗಳಿಂದಾಚೆಗೆ ಬಾಡಿ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಹಿಂದಿನ ಚಕ್ರ ಉಬ್ಬು ಹತ್ತಿದ ಕ್ಷಣ ಆ ತುದಿ ಏತದ ಕೊನೆಯಂತೆ ಮೇಲಕ್ಕೆ ಎಗರುತ್ತದೆ. ಕೂತವರೂ ಎಗರುತ್ತಾರೆ. ಅವರು ಕೆಳಗೆ ಬೀಳುವಾಗ ಮೈಭಾರವೆಲ್ಲಾ ಕುಂಡಿಯ ಮೂಲಕ ನೆಟ್ಟಗೆ ಬೆನ್ನೆಲುಬಿಗೆ ಬಡಿಯುತ್ತದೆ. ಎದೆಭಾಗದ ಬೆನ್ನು ಮುಗಿದು ಸೊಂಟ ಶುರುವಾಗುವ ಸಂಧಿಯಲ್ಲೇ ಏಟು ಹೆಚ್ಚು. ಗಟ್ಟಿ ಮೂಳೆ ತಡೆದುಕೊಳ್ಳುತ್ತದೆ. ಟೊಳ್ಳು ಮೂಳೆ ಕುಸಿಯುತ್ತದೆ. ನೆನೆದ ರಟ್ಟಿನ ಪೆಟ್ಟಿಗೆಯ ಮೇಲೆ ಮೂಟೆ ಇಟ್ಟರೆ ಪೆಟ್ಟಿಗೆ ಹೇಗೆ ಅಪ್ಪಚ್ಚಿಯಾಗುತ್ತದೋ, ಹಾಗೆ.

ಈ ಮಾತು ಈಗ ಯಾಕೆ ಅಂದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಮಗಳ ಮನೆ, ಆಸ್ಪತ್ರೆ, ದೇವಸ್ಥಾನ, ಸಂತೆ ಅಂತ ವಯಸ್ಸಾದ ತಾಯಂದಿರು ಧೈರ್ಯವಾಗಿ ಬಸ್ಸು ಹತ್ತುತ್ತಿದ್ದಾರೆ. ಒಳ್ಳೆಯದೇ ಆಯಿತು. ಆದರೆ ತುಂಬಿದ ಬಸ್ಸಿನಲ್ಲಿ ಕೊನೆಗೆ ಹತ್ತಿದವರಿಗೆ ಸಿಗುವುದು ಹಿಂದಿನ ಸೀಟೇ ತಾನೆ?

ಬಾಗಿದ ಬೆನ್ನು ಬರೀ ವಯಸ್ಸಿನ ಗುರುತಲ್ಲ

"ವಯಸ್ಸಾಯ್ತು, ಗೂನು ಬಂತು" ಅನ್ನುವುದು ನಮ್ಮಲ್ಲಿ ರೂಢಿಯ ಮಾತು. ಕೂದಲು ನರೆತಂತೆ ಬೆನ್ನೂ ಬಾಗುತ್ತದೆ ಅಂತ ನಂಬಿಕೆ. ಆದರೆ ಎಷ್ಟೋ ಮಂದಿಯ ಆ ಗೂನಿನ ಒಳಗೆ ಮುರಿದ ಮೂಳೆಗಳಿವೆ. ಒಂದಲ್ಲ, ಕೆಲವೊಮ್ಮೆ ಮೂರು, ನಾಲ್ಕು.

ಬೆನ್ನೆಲುಬು ಮುರಿಯುವುದೆಂದರೆ ಕೈ ಮುರಿದಂತೆ ಲಟಕ್ಕನೆ ಎರಡು ತುಂಡಾಗುವುದಲ್ಲ. ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳಲ್ಲಿ ಒಂದು ಬಿಲ್ಲೆಯ ಮುಂಭಾಗ ಕುಸಿದು ಬೆಣೆಯಂತಾಗುತ್ತದೆ. ಅದರ ಮೇಲಿನ ಭಾಗವೆಲ್ಲ ಮುಂದಕ್ಕೆ ವಾಲುತ್ತದೆ. ಇನ್ನೊಂದು ಕುಸಿದರೆ ಇನ್ನಷ್ಟು ವಾಲುತ್ತದೆ. ಎತ್ತರ ಇಳಿಯುತ್ತದೆ. ಪಕ್ಕೆಲುಬು ಹೊಟ್ಟೆಯ ಮೇಲೆ ಒತ್ತುತ್ತದೆ. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು.

ಇದರಲ್ಲಿ ಮೋಸದ ಸಂಗತಿ ಏನೆಂದರೆ, ಇಂಥ ಕುಸಿತಗಳಲ್ಲಿ ಮೂರರಲ್ಲಿ ಎರಡು ಭಾಗ ವೈದ್ಯರ ಗಮನಕ್ಕೇ ಬರುವುದಿಲ್ಲ. ಕೆಲವರಿಗೆ ನೋವೇ ಇರುವುದಿಲ್ಲ. ನೋವು ಬಂದವರು "ಉಳುಕಿದೆ" ಅಂದುಕೊಳ್ಳುತ್ತಾರೆ. ಬಕೆಟ್ ಎತ್ತಿದಾಗಲೋ, ಹಾಸಿಗೆ ಮಡಿಸಲು ಬಗ್ಗಿದಾಗಲೋ, ಒಂದು ಜೋರು ಕೆಮ್ಮಿಗೋ ಕುಸಿದದ್ದು ಉಳುಕು ಅನ್ನಿಸಿಕೊಂಡು ಹೋಗುತ್ತದೆ. ಆಮೇಲೆ ಹಳ್ಳಿ ಕಡೆಯ ಉಪಚಾರ: ಎಣ್ಣೆ ಹಾಕಿ ತಿಕ್ಕಿಸುವುದು, ಬೆನ್ನು ತುಳಿಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು. ಉಳುಕಿಗೆ ಅದು ನಾಟುತ್ತದೋ ಇಲ್ಲವೋ, ಕುಸಿದ ಮೂಳೆಯನ್ನು ಮಾತ್ರ ಇನ್ನಷ್ಟು ಕುಸಿಸುತ್ತದೆ.

ಒಮ್ಮೆ ಕುಸಿತ ಶುರುವಾದರೆ ಅಲ್ಲಿಗೇ ನಿಲ್ಲುವುದೂ ಇಲ್ಲ. ಬೆನ್ನೆಲುಬು ಹೊಸದಾಗಿ ಕುಸಿದ ಹೆಂಗಸರಲ್ಲಿ ಸುಮಾರು ಐವರಿಗೆ ಒಬ್ಬರಿಗೆ ಒಂದೇ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದ್ದರಿಂದ ಮೊದಲನೆಯದನ್ನು ಪತ್ತೆ ಮಾಡುವುದರಲ್ಲೇ ಎಲ್ಲ ಇದೆ.

ಗಲ್ಲಾಪೆಟ್ಟಿಗೆಯ ಲೆಕ್ಕ

ಅಂಗಡಿ ಇಟ್ಟವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿ ಕೂತಿರುತ್ತದೆ. ಉಳಿದ ಒಂದು ಪಾಲಿನಲ್ಲೇ ದಿನದ ವ್ಯವಹಾರ. ಹೃದಯ ಬಡಿಯಲು ಅದು ಬೇಕು, ಮಾಂಸಖಂಡ ಆಡಲು ಬೇಕು, ನರ ನಡೆಯಲು ಬೇಕು, ರಕ್ತ ಹೆಪ್ಪುಗಟ್ಟಲು ಬೇಕು. ಈ ದಿನದ ವಹಿವಾಟು ಒಂದು ಗಳಿಗೆಯೂ ನಿಲ್ಲುವಂತಿಲ್ಲ. ಊಟದಿಂದ ಬರುವ ಕ್ಯಾಲ್ಸಿಯಂ ಸಾಲದೆ ಹೋದರೆ ಕುತ್ತಿಗೆಯಲ್ಲಿರುವ ಪುಟ್ಟ ಗ್ರಂಥಿಗಳು ಮೂಳೆಯ ಗಲ್ಲಾಪೆಟ್ಟಿಗೆಗೆ ಕೈಹಾಕಿ ತೆಗೆದುಕೊಡುತ್ತವೆ. ಇಂದು ಚೂರು, ನಾಳೆ ಚೂರು. ಅಂಗಡಿ ನಡೆಯುತ್ತಿರುತ್ತದೆ, ಬಂಡವಾಳ ಕರಗುತ್ತಿರುತ್ತದೆ.

ಮೂವತ್ತರ ಆಸುಪಾಸಿನವರೆಗೆ ಜಮೆ ಹೆಚ್ಚು, ಖರ್ಚು ಕಡಿಮೆ. ಆಮೇಲೆ ನಿಧಾನವಾಗಿ ಖರ್ಚಿನ ಕೈ ಮೇಲಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಈ ಸವೆತ ಜೋರು. ಮೂಳೆಗೆ ಕಾವಲಿದ್ದ ಈಸ್ಟ್ರೋಜನ್ ಹಾರ್ಮೋನು ಇಳಿದುಹೋಗಿರುತ್ತದೆ. ಗಂಡಸರಿಗೂ ಇದು ತಪ್ಪಿದ್ದಲ್ಲ, ತಡವಾಗಿ ಬರುತ್ತದೆ ಅಷ್ಟೇ. ಬೀಡಿ, ಸಿಗರೇಟು, ಹೆಂಡ, ಆಸ್ತಮಾಕ್ಕೋ ಕೀಲುವಾತಕ್ಕೋ ತಿಂಗಳುಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ ಇವೆಲ್ಲ ಸವೆತಕ್ಕೆ ಸಾಣೆ ಹಿಡಿಯುತ್ತವೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಕೂಡ ಹೆಚ್ಚುತ್ತದೆ.

ಮುದ್ದೆ ಸೀಮೆಯಲ್ಲಿ ಸುಣ್ಣಕ್ಕೆ ಬರವೇ?

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2010ರಲ್ಲಿ ದೊಡ್ಡವರಿಗೆ ದಿನಕ್ಕೆ 600 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು ಎಂದಿತ್ತು. 2020ರ ಶಿಫಾರಸಿನಲ್ಲಿ ಅದನ್ನು 1000 ಮಿಲಿಗ್ರಾಂಗೆ ಏರಿಸಿತು. ಅದೇ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿ ನೋಡಿದರೆ ಹಳೇ ಮೈಸೂರು ಸೀಮೆಯವರು ಎದೆ ಉಬ್ಬಿಸಬೇಕು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10ಕ್ಕಿಂತ ಕಡಿಮೆ. ಹಸುವಿನ ಹಾಲಿನಲ್ಲಿ 118. ಹುರುಳಿಕಾಳಿನಲ್ಲಿ 269. ನುಗ್ಗೆಸೊಪ್ಪಿನಲ್ಲಿ 300ರ ಮೇಲೆ. ಕರಿ ಎಳ್ಳಿನಲ್ಲಿ 1200ಕ್ಕೂ ಹೆಚ್ಚು.

ರಾಗಿ, ಅಕ್ಕಿಗಳ ಜಗಳ ಹೊಸದೇನಲ್ಲ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಎರಡೂ ರಾಮನ ಮುಂದೆ ವಾದಕ್ಕೆ ನಿಂತು, ಆರು ತಿಂಗಳು ಸೆರೆಯಲ್ಲಿದ್ದು, ಕೆಡದೆ ಉಳಿದ ರಾಗಿ ಗೆದ್ದದ್ದು ಎಲ್ಲರಿಗೂ ಗೊತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದೂ ಈ ನೆಲದ ಕಥೆಯೇ. ಕತೆಯಲ್ಲಿ ಗೆದ್ದ ರಾಗಿ ತಟ್ಟೆಯಲ್ಲಿ ಮಾತ್ರ ಹಿಂದೆ ಬಿತ್ತು. ನಾಲೆ ನೀರು ಬಂತು, ಭತ್ತ ಬಂತು. ಅಕ್ಕಿ ಉಣ್ಣುವುದು ದೊಡ್ಡಸ್ತಿಕೆ, ಮುದ್ದೆ ನುಂಗುವುದು ಬಡತನ ಅನ್ನುವ ಮಾತೂ ಬಂತು. ಈಗ ಸಕ್ಕರೆ ಕಾಯಿಲೆ ಬಂದವರು ಡಾಕ್ಟರ್ ಹೇಳಿದ ಮೇಲೆ ಮುದ್ದೆಗೆ ಮರಳುತ್ತಿದ್ದಾರೆ. ಅಜ್ಜಿಗೆ ಮಾತ್ರ "ಹಲ್ಲಿಲ್ಲ, ಮೆತ್ತಗೆ ಅನ್ನ ಸಾರು ಹಾಕು" ಅಂತ ತಟ್ಟೆ ಇಡುತ್ತಾರೆ. ಮುದ್ದೆಗೆ ಹಲ್ಲು ಯಾಕೆ ಸ್ವಾಮಿ? ಅದು ನುಂಗುವ ಊಟ!

ಒಂದು ದಿನದ ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಸಂಜೆ ಎರಡು ಲೋಟ ಕಾಫಿ, ಅದರಲ್ಲಿ ಹಾಲು ಎಲ್ಲಾ ಸೇರಿ ಅರ್ಧ ಲೋಟ. ಅಲ್ಲಿಗೆ ನೂರು ಚಿಲ್ಲರೆ. ಎರಡು ಹೊತ್ತು ಅನ್ನಕ್ಕೆ ಇಪ್ಪತ್ತೂ ಇಲ್ಲ. ತೊಗರಿಬೇಳೆ ಸಾರಿಗೆ ಇಪ್ಪತ್ತು, ಪಲ್ಯಕ್ಕೆ ನಲವತ್ತು ಐವತ್ತು, ನೀರು ಮಜ್ಜಿಗೆಗೆ ಮತ್ತಷ್ಟೇ. ಎಷ್ಟು ಎಳೆದರೂ 300 ದಾಟುವುದು ಕಷ್ಟ. ಬೇಕಾದದ್ದು 1000.

ಈಗ ಇನ್ನೊಂದು ತಟ್ಟೆ. ಎರಡು ಸಣ್ಣ ಮುದ್ದೆಗೆ 150 ಗ್ರಾಂ ಹಿಟ್ಟು ಹಿಡಿದರೆ 540ರಷ್ಟು. ಒಂದು ದೊಡ್ಡ ಲೋಟ ಹಾಲಿಗೆ 230ರ ಮೇಲೆ. ಒಂದು ಬಟ್ಟಲು ಗಟ್ಟಿ ಮೊಸರಿಗೆ ನೂರರ ಮೇಲೆ. ಜೊತೆಗೆ ನುಗ್ಗೆಸೊಪ್ಪಿನ ಸಾರೋ ಹುರುಳಿ ಬಸ್ಸಾರೋ ಇದ್ದರೆ ಸಾವಿರ ತಾನಾಗಿ ದಾಟುತ್ತದೆ. ಎರಡು ಎಳ್ಳುಂಡೆ ಮೇಲೋಗರ.

ಒಂದು ಎಚ್ಚರಿಕೆಯೂ ಬೇಕು. ಪಟ್ಟಿಯಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 30 ಪಾಲು ಒಳಗೆ ಸೇರುತ್ತದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ತುಂಬಿರುವುದರಿಂದ ಸೇರುವುದು ಬರೀ 5ರಷ್ಟು. ರಾಗಿಯಲ್ಲಿ ಫೈಟೇಟ್ ಅನ್ನುವ ಅಂಶ ಸ್ವಲ್ಪ ಅಡ್ಡಗಾಲು ಹಾಕುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದರೆ ಆ ಅಡ್ಡಗಾಲು ಸಡಿಲವಾಗುತ್ತದೆ. ಮಕ್ಕಳಿಗೆ ರಾಗಿ ಸರಿ ಮಾಡುತ್ತಿದ್ದ ತಾಯಂದಿರಿಗೆ ಇದು ಗೊತ್ತಿದ್ದ ವಿದ್ಯೆ. ಮೊಮ್ಮಗುವಿಗೆ ಕಾಯಿಸುವ ಗಂಜಿಯಲ್ಲಿ ಅಜ್ಜಿಗೂ ಒಂದು ಲೋಟ ಹೆಚ್ಚು ಕಾಯಿಸಿದರಾಯಿತು.

"ಎಲೆ ಅಡಿಕೆಗೆ ಸುಣ್ಣ ಹಚ್ಚಿ ಹಾಕಿಕೊಳ್ತೀವಲ್ಲ, ಸಾಲದೇ?" ಅನ್ನುವವರೂ ಇದ್ದಾರೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಜೊತೆಗೆ ಹೋಗುವ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ಮೂಳೆ ಉಳಿಸಲು ಹೋಗಿ ಬಾಯಿ ಕಳೆದುಕೊಳ್ಳುವ ವ್ಯಾಪಾರ ಯಾರಿಗೆ ಬೇಕು?

ಮಾತ್ರೆಯೋ, ಊಟವೋ?

ಮೆಡಿಕಲ್ ಸ್ಟೋರಿನಲ್ಲಿ ಕ್ಯಾಲ್ಸಿಯಂ ಮಾತ್ರೆಗೆ ಬರವಿಲ್ಲ. ಚೀಟಿ ಇಲ್ಲದೆಯೂ ಕೇಳಿ ಕೊಳ್ಳುವವರು ಬೇಕಾದಷ್ಟು. ಅದರಿಂದ ಮೂಳೆ ಮುರಿಯುವುದು ನಿಲ್ಲುತ್ತದೆಯೇ? ಉತ್ತರ ಅಷ್ಟು ನೇರವಾಗಿಲ್ಲ.

ಅಮೆರಿಕದಲ್ಲಿ 50ರಿಂದ 79 ವರ್ಷದ 36,282 ಹೆಂಗಸರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಅರ್ಧ ಮಂದಿಗೆ ದಿನಾ 1000 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ. ಇನ್ನರ್ಧ ಮಂದಿಗೆ ಹುಸಿ ಮಾತ್ರೆ. ಏಳು ವರ್ಷ ಕಾದು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂಳೆ ಮುರಿತದಲ್ಲಿ ಖಚಿತವಾಗಿ ಹೇಳುವಂಥ ಇಳಿತ ಕಾಣಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ನೂರಕ್ಕೆ 17ರಷ್ಟು ಹೆಚ್ಚಾಯಿತು. ಆ ಹೆಂಗಸರಲ್ಲಿ ಬಹಳ ಮಂದಿಯ ಊಟದಲ್ಲೇ ಸಾಕಷ್ಟು ಕ್ಯಾಲ್ಸಿಯಂ ಇತ್ತು ಅನ್ನುವುದನ್ನೂ ಮರೆಯಬಾರದು. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲದೆ ಇನ್ನೇನು?

ಕೊಡ ಖಾಲಿ ಇದ್ದ ಕಡೆ ಕಥೆ ಬೇರೆ. ಫ್ರಾನ್ಸಿನಲ್ಲಿ ವೃದ್ಧಾಶ್ರಮಗಳಲ್ಲಿದ್ದ 3,270 ವಯಸ್ಸಾದ ಹೆಂಗಸರ ಮೇಲೆ ಪ್ರಯೋಗ ನಡೆಸಿ 1992ರಲ್ಲಿ ವರದಿ ಮಾಡಿದರು. ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟವರಲ್ಲಿ ಒಂದೂವರೆ ವರ್ಷದಲ್ಲಿ ತೊಡೆಸಂದಿನ ಮೂಳೆ ಮುರಿತ ನೂರಕ್ಕೆ 43ರಷ್ಟು ಕಡಿಮೆಯಾಗಿತ್ತು.

ಊಟದ ಬಗ್ಗೆಯೇ ನಡೆದ ದೊಡ್ಡ ಪ್ರಯೋಗ ಆಸ್ಟ್ರೇಲಿಯಾದ್ದು. 60 ವೃದ್ಧಾಶ್ರಮ, 7,195 ಮಂದಿ, ಸರಾಸರಿ ವಯಸ್ಸು 86. ಅರ್ಧ ಆಶ್ರಮಗಳ ಅಡುಗೆಮನೆಗಳಲ್ಲಿ ಹಾಲು, ಮೊಸರು, ಗಿಣ್ಣು ಹೆಚ್ಚಿಸಿದರು. ದಿನದ ಕ್ಯಾಲ್ಸಿಯಂ 700ರ ಆಸುಪಾಸಿನಿಂದ 1142 ಮಿಲಿಗ್ರಾಂಗೆ ಏರಿತು. ಪ್ರೋಟೀನೂ ಏರಿತು. ಮಾತ್ರೆಯಿಲ್ಲ, ಬರೀ ಊಟ. ಎರಡು ವರ್ಷದ ಫಲಿತಾಂಶ 2021ರಲ್ಲಿ ಬಂತು: ಒಟ್ಟು ಮೂಳೆ ಮುರಿತ ನೂರಕ್ಕೆ 33ರಷ್ಟು, ತೊಡೆಸಂದಿನ ಮುರಿತ 46ರಷ್ಟು, ಬೀಳುವುದು 11ರಷ್ಟು ಕಡಿಮೆ. ಇದು ಬೆನ್ನೆಲುಬು ಒಂದರದೇ ಲೆಕ್ಕವಲ್ಲ, ಎಲ್ಲ ಮೂಳೆಗಳ ಲೆಕ್ಕ. ಕ್ಯಾಲ್ಸಿಯಂ ಒಂದರದೇ ಪುಣ್ಯವೂ ಅಲ್ಲ. ಪ್ರೋಟೀನು ಮಾಂಸಖಂಡಕ್ಕೆ ಬಲ ಕೊಟ್ಟಿತು, ಬೀಳುವುದೇ ಕಡಿಮೆಯಾಯಿತು. ಬರೀ ಮುದ್ದೆ ಸಾಲದು, ಜೊತೆಗೆ ಕಾಳು, ಹಾಲು, ಮೊಟ್ಟೆ, ಮೀನು ಯಾವುದು ಒಗ್ಗುತ್ತದೋ ಅದು ಇರಲಿ ಅನ್ನುವುದು ಇದರಿಂದ ಕಲಿಯುವ ಪಾಠ.

ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ಒಳಗೆ ಬರುವುದಿಲ್ಲ. ಅದು ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವಂಥದ್ದು. ಬೆಳಗ್ಗೆ ಬಾಗಿಲು ತೆರೆದು ರಾತ್ರಿ ಬಾಗಿಲು ಹಾಕುವವರೆಗೆ ಗದ್ದುಗೆಯ ಮೇಲೆ ನೆರಳಲ್ಲೇ ಕೂರುವ ಅಂಗಡಿ ಯಜಮಾನರು, ಮನೆ ಬಿಟ್ಟು ಹೊರಗೆ ಬಾರದ ಅಜ್ಜ ಅಜ್ಜಿಯರು ಇದನ್ನು ಗಮನಿಸಬೇಕು. ಗಾಜಿನ ಹಿಂದಿನ ಬಿಸಿಲು ಈ ಕೆಲಸಕ್ಕೆ ಬರುವುದಿಲ್ಲ. ಹಾಗಂತ ಕೊರತೆ ಇಲ್ಲದವರು ವಿಟಮಿನ್ ಡಿ ನುಂಗಿ ಲಾಭವಿಲ್ಲ. ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದು 2022ರಲ್ಲಿ ವರದಿಯಾದ ಪ್ರಯೋಗದಲ್ಲಿ ಅದರಿಂದ ಮುರಿತ ಕಡಿಮೆಯಾಗಲಿಲ್ಲ.

ಈಗಾಗಲೇ ಮೂಳೆ ಟೊಳ್ಳಾದವರಿಗೆ, ಒಮ್ಮೆ ಬೆನ್ನೆಲುಬು ಕುಸಿದವರಿಗೆ ಊಟ ಒಂದೇ ಸಾಲದು. ಅದಕ್ಕೆ ಬೇರೆ ಔಷಧಿಗಳೇ ಇವೆ. ವಾರಕ್ಕೊಂದು ಮಾತ್ರೆ, ವರ್ಷಕ್ಕೊಂದು ಇಂಜೆಕ್ಷನ್ ಥರದವು. ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ಮೂರು ವರ್ಷದಲ್ಲಿ ಬೆನ್ನೆಲುಬಿನ ಕುಸಿತವನ್ನು ನೂರಕ್ಕೆ 70ರಷ್ಟು ತಗ್ಗಿಸಿತು ಎಂದು 2007ರ ಪ್ರಯೋಗ ತೋರಿಸಿದೆ. ಯಾರಿಗೆ ಯಾವುದು ಅನ್ನುವುದು ಡಾಕ್ಟರ ಮಾತು, ಅಂಗಡಿಯವರ ಮಾತಲ್ಲ. ಮೂತ್ರಪಿಂಡದ ತೊಂದರೆ ಇದ್ದವರು, ಕಲ್ಲಿನ ಕಾಯಿಲೆ ಇದ್ದವರು ಕೇಳದೆ ಕ್ಯಾಲ್ಸಿಯಂ ಮಾತ್ರೆಯನ್ನೂ ಮುಟ್ಟಬಾರದು.

ಗೋಡೆಯೇ ಸಾಕ್ಷಿ

ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಒಂದಿದೆ, ಖರ್ಚಿಲ್ಲ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನೆಟ್ಟಗೆ ನಿಂತಾಗ ತಲೆಯ ಹಿಂಭಾಗ ಗೋಡೆಗೆ ತಾಗಬೇಕು. ತಾಗದಿದ್ದರೆ ಅನುಮಾನ. ಪಕ್ಕದಲ್ಲಿ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳು ಹಿಡಿಸದಿದ್ದರೂ ಅನುಮಾನ. ವಯಸ್ಸಿನಲ್ಲಿ ಇದ್ದ ಎತ್ತರಕ್ಕಿಂತ ಈಗ 4 ಸೆಂಟಿಮೀಟರ್ ಇಳಿದಿದ್ದರೆ ಬೆನ್ನಿನ ಒಂದು ಎಕ್ಸ್‌ರೇ ತೆಗೆಸುವುದು ಲೇಸು. ಸರ್ಕಾರಿ ಆಸ್ಪತ್ರೆಯಲ್ಲೂ ಆಗುವ ಕೆಲಸ ಅದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಎಲ್ಲ ಊರಲ್ಲಿ ಇರುವುದಿಲ್ಲ, ಆದರೆ ಎಕ್ಸ್‌ರೇ ಇದೆಯಲ್ಲ.

ಬೆನ್ನುನೋವಿನ ಜೊತೆ ಕಾಲು ಜೋಮು ಹಿಡಿದರೆ, ಬಲ ಕಳೆದರೆ, ಮೂತ್ರದ ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆ. ಜ್ವರ, ತೂಕ ಇಳಿತ ಇದ್ದರೆ ಕ್ಷಯವೋ ಗಡ್ಡೆಯೋ ಇರಬಹುದು. ಮನೆಮದ್ದು ಮಾಡುತ್ತಾ ಕೂರುವ ಹೊತ್ತಲ್ಲ ಅದು.

ಪುರಸಭೆಗೂ ಪಾಲಿದೆ

ಎಲ್ಲ ಹೊಣೆಯನ್ನೂ ಅಜ್ಜಿಯ ತಟ್ಟೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ರಸ್ತೆ ಉಬ್ಬು ಹೇಗಿರಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ವಾಹನ ನಯವಾಗಿ ಹತ್ತಿ ಇಳಿಯುವಂತೆ. ಬಳಿದ ಪಟ್ಟೆ, ಮೊದಲೇ ಕಾಣುವ ಫಲಕ ಇರಬೇಕು. ಎರಡು ಅಡಿ ಅಗಲದಲ್ಲಿ ಕಾಂಕ್ರೀಟಿನ ದಿಣ್ಣೆ ಎಬ್ಬಿಸಿ, ಬಣ್ಣವನ್ನೂ ಬಳಿಯದೆ ಬಿಟ್ಟರೆ ಅದು ಉಬ್ಬಲ್ಲ, ಹೊಂಚು ಹಾಕಿ ಕೂತ ಕಳ್ಳ. ಟೇಪು ಹಿಡಿದು ಅಳೆದು, ಜಾಗದ ಹೆಸರು ಬರೆದು ಪುರಸಭೆಗೋ ಲೋಕೋಪಯೋಗಿ ಇಲಾಖೆಗೋ ಅರ್ಜಿ ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಉಬ್ಬಿನ ಎದುರಿನ ಅಂಗಡಿಯವರಿಗಿಂತ ಒಳ್ಳೆ ಸಾಕ್ಷಿ ಯಾರಿದ್ದಾರೆ?

ಡ್ರೈವರ್, ಕಂಡಕ್ಟರ್ ಅಣ್ಣಂದಿರ ಕೈಲೂ ಒಂದಿಷ್ಟು ಇದೆ. ಬಿಳಿ ತಲೆ ಹಿಂದಕ್ಕೆ ಹೋಗುವುದು ಕಂಡರೆ "ಇಲ್ಲಿ ಮುಂದೆ ಕೂತ್ಕೊಳಿ ಅಜ್ಜಿ" ಅಂದು ನಡುಭಾಗದಲ್ಲಾದರೂ ಒಂದು ಜಾಗ ಮಾಡಿಸುವುದು. ಎರಡು ಚಕ್ರದ ಸಾಲಿನ ನಡುವಿನ ಸೀಟಿಗೆ ಕುಕ್ಕು ಕಡಿಮೆ. ಸೀಟಿನಲ್ಲಿರುವ ಹುಡುಗರು ಎದ್ದು ಹಿಂದಕ್ಕೆ ಹೋಗಲಿ, ಅವರಿಗೆ ಹಾರುವುದೂ ಖುಷಿಯೇ. ಮತ್ತೆ ಹಿಂದೆಯೇ ಕೂರಬೇಕಾಗಿ ಬಂದವರು ಉಬ್ಬು ಬರುವಾಗ ಮುಂದಿನ ಕಂಬಿ ಹಿಡಿದು, ಪಾದ ನೆಲಕ್ಕೆ ಊರಿ, ಭಾರವನ್ನು ಸ್ವಲ್ಪ ಕಾಲಿನ ಮೇಲೆ ಹಾಕಿಕೊಂಡರೆ ಬೆನ್ನಿಗೆ ಬೀಳುವ ಏಟು ಇಳಿಯುತ್ತದೆ.

ಇನ್ನು ದಿನಸಿ ಅಂಗಡಿಯವರ ಮಾತು. ಇಪ್ಪತ್ತೈದು ಕೆ.ಜಿ. ಮೂಟೆಯನ್ನು ಸೊಂಟ ಬಗ್ಗಿಸಿ ಎತ್ತುವ ಚಟ ಐವತ್ತು ದಾಟಿದ ಮೇಲೆ ಬಿಡಬೇಕು. ಮಂಡಿ ಮಡಿಸಿ, ಮೂಟೆಯನ್ನು ಎದೆಗೆ ಅಪ್ಪಿ ಎತ್ತಬೇಕು, ಇಲ್ಲವೇ ಹುಡುಗನ ಕೈಲಿ ಎತ್ತಿಸಬೇಕು. ಮತ್ತೆ ರಾಗಿ, ಹುರುಳಿ, ಎಳ್ಳು ಡಬ್ಬಗಳನ್ನು ಹಿಂದಿನ ಮೂಲೆಯಿಂದ ಮುಂದಕ್ಕೆ ತಂದಿಟ್ಟರೆ ಯಾರಿಗೂ ನಷ್ಟವಿಲ್ಲ. ಬಿಸ್ಕತ್ತು ಕೇಳಿಕೊಂಡು ಬಂದ ಸೊಸೆ ಅದನ್ನು ಕಂಡು ಅತ್ತೆಗೆ ಅಂತ ಅರ್ಧ ಕೆ.ಜಿ. ಮೊಳಕೆ ರಾಗಿ ಹಿಟ್ಟು ಒಯ್ದರೆ ವ್ಯಾಪಾರಕ್ಕೆ ವ್ಯಾಪಾರವೂ ಆಯಿತು, ಪುಣ್ಯಕ್ಕೆ ಪುಣ್ಯವೂ ಆಯಿತು.

ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿಗೆ ಗೆರೆ ಎಳೆದು ಗುರುತು ಮಾಡುವುದು ನಮ್ಮಲ್ಲಿ ಎಲ್ಲ ಮನೆಯ ಆಟ. ಅದೇ ಚೌಕಟ್ಟಿನಲ್ಲಿ ಅಜ್ಜ ಅಜ್ಜಿಯ ಹೆಸರಿಗೂ ಒಂದೊಂದು ಗೆರೆ ಇರಲಿ, ಪಕ್ಕದಲ್ಲಿ ತಾರೀಖು ಇರಲಿ. ಮಕ್ಕಳ ಗೆರೆ ಏರುತ್ತಾ ಹೋಗುವುದನ್ನು ನೋಡಿ ಹಿಗ್ಗುವವರು ಅವರ ಗೆರೆ ಎರಡು ಸೆಂಟಿಮೀಟರ್ ಇಳಿದ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಸಾಕು.